ತಾಲ್ಲೂಕು ಕೋರ್ಟಿನ ಕೇಸು ಜಿಲ್ಲೆಗೆ ಯಾಕೆ ಹೋಯ್ತು?

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. 2025ರ ಮೇ ತಿಂಗಳಲ್ಲಿ ಪಕ್ಕದ ಹೊಲದವರ ಜೊತೆ ಬದುವಿನ ವಿಚಾರಕ್ಕೆ ಜಗಳ ಆಯ್ತು. ನನ್ನ ತಮ್ಮನ ಕೈಗೆ ಕುಡುಗೋಲಿನಿಂದ ಹೊಡೆದರು. ನಮ್ಮ ದೂರಿಗೆ ಪೊಲೀಸರು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 118(1), 352, 351(2) ಹಾಕಿದರು. ಅದೇ ದಿನ ಅವರೂ ದೂರು ಕೊಟ್ಟರು. ನಮ್ಮ ಅಣ್ಣ ಸಲಿಕೆಯಿಂದ ಅವರ ಕಡೆಯವರ ತಲೆಗೆ ಹೊಡೆದ ಅಂತ 109 ಹಾಕಿದ್ದಾರೆ. ಅಣ್ಣನಿಗೆ ಜಾಮೀನು ಸಿಕ್ಕಿದ್ದು ದುರ್ಗದ ಸೆಷನ್ಸ್ ಕೋರ್ಟಿನಲ್ಲಿ. ಎರಡೂ ಚಾರ್ಜ್‌ಶೀಟ್ ನಮ್ಮ ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿಗೆ ಬಂದಿದ್ದವು. ಈಗ ಎರಡನ್ನೂ ದುರ್ಗಕ್ಕೆ ಕಳಿಸಿದ್ದಾರೆ. ಎದುರಿನವರಿಗೆ ದೊಡ್ಡವರ ಬೆಂಬಲ ಇದೆ, ಅದಕ್ಕೇ ಹೀಗಾಯ್ತು ಅಂತ ಊರಲ್ಲಿ ಮಾತು. ನಮ್ಮ ಸಣ್ಣ ಕೇಸು ಅಲ್ಲಿಗೆ ಯಾಕೆ ಹೋಯ್ತು? ತಹಶೀಲ್ದಾರರಿಂದಲೂ ನೋಟಿಸ್ ಬಂದಿದೆ, ಅದು ಮೂರನೇ ಕೇಸಾ? ಸೀದಾ ಹೈಕೋರ್ಟಿಗೆ ಹೋಗಬಹುದಾ? ಅಷ್ಟಕ್ಕೂ ಯಾವ ಕ್ರಿಮಿನಲ್ ಕೇಸು ಯಾವ ಕೋರ್ಟಿಗೆ ಅಂತ ತೀರ್ಮಾನ ಮಾಡೋದು ಯಾರು?

ಉತ್ತರ: ಮೊದಲು ಊರಿನ ಮಾತಿಗೆ ಉತ್ತರ ಕೊಡುತ್ತೇನೆ. ನಿಮ್ಮ ಕೇಸು ದುರ್ಗಕ್ಕೆ ಹೋಗಲು ಯಾರ ಕೈವಾಡವೂ ಬೇಕಾಗಿಲ್ಲ. ನೀವು ಬರೆದಿರುವ ಸೆಕ್ಷನ್‌ಗಳನ್ನು ನೋಡಿದರೆ ಹೋಗದೇ ಉಳಿದಿದ್ದರೇ ಆಶ್ಚರ್ಯ. ಎದುರಿನವರು ಕೊಟ್ಟ ಕೇಸನ್ನು ವಿಚಾರಣೆ ಮಾಡುವ ಅಧಿಕಾರ ನಿಮ್ಮ ತಾಲ್ಲೂಕಿನ ಮ್ಯಾಜಿಸ್ಟ್ರೇಟರಿಗೆ ಇಲ್ಲವೇ ಇಲ್ಲ. ನಿಮ್ಮ ಕೇಸು ಅದರ ಜೊತೆಗೆ ಹೋಗಿದೆ. ಹಾಗೆ ಜೊತೆಗೇ ಹೋಗಿದ್ದು ನಿಮಗೆ ಒಳ್ಳೆಯದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾವ ಕೋರ್ಟು ಅನ್ನೋದನ್ನು ತೀರ್ಮಾನ ಮಾಡೋದು ದೂರುದಾರರಲ್ಲ, ವಕೀಲರಲ್ಲ, ಆರೋಪಿಯ ಪ್ರಭಾವವೂ ಅಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಆ ಪುಸ್ತಕದ ಕೊನೆಯಲ್ಲಿ ಮೊದಲನೇ ಅನುಸೂಚಿ ಅಂತ ಉದ್ದನೆಯ ಕೋಷ್ಟಕ ಇದೆ. ಅದರಲ್ಲಿ ಆರು ಕಾಲಂ. ಸೆಕ್ಷನ್ ನಂಬರು, ಅಪರಾಧ ಏನು, ಶಿಕ್ಷೆ ಎಷ್ಟು, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾ, ಜಾಮೀನು ಹಕ್ಕಾಗಿ ಸಿಗುತ್ತಾ. ಆರನೇ ಕಾಲಂನಲ್ಲಿ ಯಾವ ಕೋರ್ಟು ವಿಚಾರಣೆ ಮಾಡಬೇಕು ಅಂತ ಬರೆದಿರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಆ ಆರನೇ ಕಾಲಂನಲ್ಲಿ.

ನಿಮ್ಮ ಸೆಕ್ಷನ್‌ಗಳನ್ನೇ ಅಲ್ಲಿಟ್ಟು ನೋಡೋಣ. 118(1) ಅಂದರೆ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು. ಆರನೇ ಕಾಲಂನಲ್ಲಿ 'ಯಾವುದೇ ಮ್ಯಾಜಿಸ್ಟ್ರೇಟ್' ಅಂತಿದೆ. 352 ಅಂದರೆ ಕೆರಳಿಸುವಂತೆ ಅವಮಾನ ಮಾಡಿದ್ದು, 351(2) ಅಂದರೆ ಬೆದರಿಕೆ. ಅವೆರಡಕ್ಕೂ ಹಾಗೇ. ಇನ್ನು 109, ಕೊಲೆ ಯತ್ನ. ಹಳೆಯ ಐಪಿಸಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ 307 ಅಂದರೆ ಇದೇ. ಅದರ ಎದುರಿಗೆ 'ಸೆಷನ್ಸ್ ನ್ಯಾಯಾಲಯ' ಅಂತಿದೆ. ಕೊಲೆ, ಅತ್ಯಾಚಾರ, ವರದಕ್ಷಿಣೆ ಸಾವು, ಡಕಾಯಿತಿಗೂ ಸೆಷನ್ಸ್ ಕೋರ್ಟೇ. ಕಳ್ಳತನ, ಮೋಸ, ಹೆಂಡತಿಗೆ ಕಿರುಕುಳ, ಅಜಾಗರೂಕ ಚಾಲನೆಯಿಂದ ಆದ ಸಾವು, ಇಂಥವು ಮ್ಯಾಜಿಸ್ಟ್ರೇಟರ ಮುಂದೆ ನಡೆಯುತ್ತವೆ.

ಬಿಎನ್‌ಎಸ್ ಅಲ್ಲದ ಬೇರೆ ಕಾಯ್ದೆಗಳಿಗೂ ಅದೇ ಅನುಸೂಚಿಯ ಎರಡನೇ ಭಾಗದಲ್ಲಿ ಅಳತೆ ಇದೆ. ಆ ಕಾಯ್ದೆಯೇ ಬೇರೆ ಏನಾದರೂ ಹೇಳದಿದ್ದರೆ, 7 ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವಂಥದ್ದು ಸೆಷನ್ಸಿಗೆ. 3ರಿಂದ 7 ವರ್ಷದ್ದು ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರಿಗೆ. ಅದಕ್ಕಿಂತ ಕಡಿಮೆಯದು ಯಾವುದೇ ಮ್ಯಾಜಿಸ್ಟ್ರೇಟರಿಗೆ.

ಜೆಎಂಎಫ್‌ಸಿ ಅಂದರೆ ಈ ಮೊದಲ ದರ್ಜೆಯ ನ್ಯಾಯಿಕ ಮ್ಯಾಜಿಸ್ಟ್ರೇಟರೇ. ಅವರು ಕೊಡಬಹುದಾದ ಸೆರೆವಾಸ 3 ವರ್ಷದವರೆಗೆ ಮಾತ್ರ, ದಂಡ 50,000 ರೂಪಾಯಿವರೆಗೆ. ಹಳೆಯ ಕಾನೂನಿನಲ್ಲಿ ದಂಡದ ಮಿತಿ 10,000 ಇತ್ತು. ಈಗ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ವಿಧಿಸಬಹುದು. ಜಿಲ್ಲೆಗೊಬ್ಬರು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್, ಅಂದರೆ ಸಿಜೆಎಂ ಇರುತ್ತಾರೆ. ಅವರದು 7 ವರ್ಷದವರೆಗೆ. ಸೆಷನ್ಸ್ ನ್ಯಾಯಾಧೀಶರು ಕಾನೂನಿನಲ್ಲಿರುವ ಯಾವ ಶಿಕ್ಷೆಯನ್ನಾದರೂ ಕೊಡಬಹುದು. ಮರಣದಂಡನೆಯನ್ನು ಮಾತ್ರ ಹೈಕೋರ್ಟ್ ದೃಢಪಡಿಸಬೇಕು, ಅಲ್ಲಿಯವರೆಗೆ ಜಾರಿ ಮಾಡುವ ಹಾಗಿಲ್ಲ.

ಇಲ್ಲಿ ಒಂದು ವಿಚಿತ್ರ ಇದೆ, ಎಷ್ಟೋ ಜನರಿಗೆ ಗೊಂದಲ ಆಗೋದು ಇದರಿಂದಲೇ. ಮೋಸದ ಕೇಸಿಗೆ, ಅಂದರೆ ಹಳೆಯ 420, ಈಗಿನ 318(4)ಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ. ವಿಚಾರಣೆ ಮಾಡೋದು ಮಾತ್ರ 3 ವರ್ಷಕ್ಕಿಂತ ಜಾಸ್ತಿ ಕೊಡಲಾಗದ ಜೆಎಂಎಫ್‌ಸಿ. ಆಯುಧದಿಂದ ತೀವ್ರ ಗಾಯ ಮಾಡಿದ 118(2)ಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇದ್ದರೂ ಕೋರ್ಟು ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರದ್ದೇ. ಹಾಗಾದರೆ ಆರೋಪಿಗೆ ಜಾಸ್ತಿ ಶಿಕ್ಷೆ ಆಗಬೇಕು ಅಂತ ಮ್ಯಾಜಿಸ್ಟ್ರೇಟರಿಗೆ ಅನಿಸಿದರೆ? ಸಾಕ್ಷ್ಯ ಕೇಳಿದ ಮೇಲೆ ತಮ್ಮ ಅಭಿಪ್ರಾಯ ಬರೆದು ಕಡತವನ್ನು ಸಿಜೆಎಂಗೆ ಕಳಿಸಬಹುದು. ಸೆಷನ್ಸಿಗೇ ಹೋಗಬೇಕಾದ ಕೇಸು ಅನಿಸಿದರೆ ತೀರ್ಪಿಗೆ ಮುಂಚೆ ಯಾವಾಗ ಬೇಕಾದರೂ ಅಲ್ಲಿಗೆ ಒಪ್ಪಿಸಬಹುದು. ಹಾಗಾಗಿ ಶಿಕ್ಷೆಯ ವರ್ಷ ಎಣಿಸಿ ಕೋರ್ಟು ಯಾವುದು ಅಂತ ಊಹೆ ಮಾಡಲು ಹೋಗಬೇಡಿ. ಆರನೇ ಕಾಲಂ ನೋಡಿ.

ಸೆಷನ್ಸ್ ಕೋರ್ಟಿನ ಕೇಸಾದರೆ ಚಾರ್ಜ್‌ಶೀಟ್ ತಾಲ್ಲೂಕಿಗೆ ಯಾಕೆ ಬಂತು ಅಂತ ನೀವು ಕೇಳಬಹುದು. ಬಾಗಿಲು ಅದೇ ಆಗಿರುವುದರಿಂದ. ಎಷ್ಟೇ ದೊಡ್ಡ ಅಪರಾಧ ಇರಲಿ, ಹಿಡಿದವರನ್ನು 24 ಗಂಟೆಯೊಳಗೆ ಹಾಜರುಪಡಿಸಬೇಕಾದ್ದು ಮ್ಯಾಜಿಸ್ಟ್ರೇಟರ ಮುಂದೆ. ಪೊಲೀಸ್ ಕಸ್ಟಡಿಯೋ, ನ್ಯಾಯಾಂಗ ಬಂಧನವೋ ಅಂತ ಹೇಳೋದು ಅವರು. ಚಾರ್ಜ್‌ಶೀಟ್ ಬಂದ ಮೇಲೆ ನೋಡಿ, ಸೆಷನ್ಸಿನ ಕೇಸು ಅಂತ ಕಂಡರೆ ಆರೋಪಿಗೆ ಎಲ್ಲ ಪ್ರತಿಗಳನ್ನೂ ಕೊಟ್ಟು ಬಿಎನ್‌ಎಸ್‌ಎಸ್ 232ರ ಕೆಳಗೆ ಸೆಷನ್ಸಿಗೆ ಒಪ್ಪಿಸುತ್ತಾರೆ. ಕೋರ್ಟಿನ ಆವರಣದಲ್ಲಿ ಇದಕ್ಕೆ 'ಕಮಿಟ್ ಆಯ್ತು' ಅಂತಾರೆ. ಇದನ್ನು 90 ದಿನದಲ್ಲಿ ಮುಗಿಸಬೇಕು, ಕಾರಣ ಬರೆದು 180 ದಿನದವರೆಗೆ ಮುಂದಕ್ಕೆ ಹಾಕಬಹುದು. ತಾಲ್ಲೂಕಿನಲ್ಲಿ ಸಿಸಿ ನಂಬರ್ ಇದ್ದ ಕೇಸಿಗೆ ದುರ್ಗದಲ್ಲಿ ಎಸ್‌ಸಿ, ಅಂದರೆ ಸೆಷನ್ಸ್ ಕೇಸು ಅನ್ನೋ ನಂಬರ್ ಬೀಳುತ್ತದೆ. ನಂಬರ್ ಬದಲಾದ ಕೂಡಲೇ ಹಳೆಯ ಕೇಸು ಮುಚ್ಚಿಹೋಯ್ತು ಅಂತ ಗಾಬರಿಯಾದವರನ್ನು ನಾನು ಬಹಳ ನೋಡಿದ್ದೇನೆ. ಮುಚ್ಚಿಲ್ಲ, ಮುಂದಕ್ಕೆ ಹೋಗಿದೆ. ಹೊಸ ಎಸ್‌ಸಿ ನಂಬರನ್ನೂ ಹದಿನಾರು ಅಕ್ಷರಗಳ ಸಿಎನ್‌ಆರ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಯಾವ ಹಾಲ್ ಅನ್ನೋದು ನಿಮ್ಮ ಫೋನಿನಲ್ಲೇ ಕಾಣುತ್ತದೆ.

ನಿಮ್ಮ ಅಣ್ಣನಿಗೆ ಜಾಮೀನು ಅಲ್ಲೇ ಸಿಕ್ಕಿದ್ದಕ್ಕೂ ಕಾರಣ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಅಪರಾಧ ಮಾಡಿದ್ದಾರೆ ಅಂತ ನಂಬಲು ಆಧಾರ ಕಂಡರೆ ಜಾಮೀನು ಕೊಡಲು ಮ್ಯಾಜಿಸ್ಟ್ರೇಟರ ಕೈ ಕಟ್ಟಿರುತ್ತದೆ. ಹೆಂಗಸರು, ಮಕ್ಕಳು, ಕಾಯಿಲೆಯವರಿಗೆ ಮಾತ್ರ ಸಡಿಲ. 109ರಲ್ಲಿ ಗಾಯ ಆಗಿದ್ದರೆ ಜೀವಾವಧಿಯವರೆಗೆ ಶಿಕ್ಷೆ ಇದೆ. ಹಾಗಾಗಿ ಸೆಷನ್ಸಿಗೆ ಹೋಗಲೇಬೇಕಾಯ್ತು. ನಿರೀಕ್ಷಣಾ ಜಾಮೀನನ್ನಂತೂ ಮ್ಯಾಜಿಸ್ಟ್ರೇಟರು ಯಾವ ಕೇಸಿನಲ್ಲೂ ಕೊಡುವ ಹಾಗಿಲ್ಲ. ಅದು ಸೆಷನ್ಸ್ ಮತ್ತು ಹೈಕೋರ್ಟಿನ ಅಧಿಕಾರ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. 109 ಹೋಗಲಿ, ಬರೀ ಮ್ಯಾಜಿಸ್ಟ್ರೇಟರ ಕೇಸಾದ ನಿಮ್ಮದನ್ನೂ ಯಾಕೆ ಕಳಿಸಿದರು?

ನಿಮ್ಮಲ್ಲಿ ಆಗಿರೋದು ಒಂದೇ ಜಗಳ. ಅದೇ ಬದು, ಅದೇ ಹೊತ್ತು, ಅದೇ ಜನ. ನೀವು ಒಂದು ಕಥೆ ಹೇಳುತ್ತೀರಿ, ಅವರು ಇನ್ನೊಂದು. ಇದನ್ನು ಕೇಸು-ಕೌಂಟರ್ ಕೇಸು ಅಂತಾರೆ. ಎರಡು ಬೇರೆ ಬೇರೆ ಕೋರ್ಟಿನಲ್ಲಿ ನಡೆದವು ಅಂತಿಟ್ಟುಕೊಳ್ಳಿ. ತಾಲ್ಲೂಕಿನ ನ್ಯಾಯಾಧೀಶರು ಅವರೇ ಮೊದಲು ಮೇಲೆ ಬಿದ್ದರು ಅನ್ನಬಹುದು, ದುರ್ಗದ ನ್ಯಾಯಾಧೀಶರು ನಿಮ್ಮ ಕಡೆಯವರೇ ಮೊದಲು ಅನ್ನಬಹುದು. ಒಂದೇ ಘಟನೆಗೆ ಎರಡು ತದ್ವಿರುದ್ಧ ತೀರ್ಪು. ಇದು ಆಗಬಾರದು ಅಂತ ಸುಪ್ರೀಂ ಕೋರ್ಟ್ ತುಂಬ ಹಿಂದೆಯೇ ಹೇಳಿದೆ. 1990ರಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ, ಇಂಥ ಎರಡೂ ಕೇಸನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದು ಕೇಳಬೇಕು ಅಂದಿತು. ಮೊದಲನೆಯದರ ಸಾಕ್ಷ್ಯ, ವಾದ ಮುಗಿದ ಮೇಲೆ ತೀರ್ಪು ಕಾಯ್ದಿರಿಸಿ ಎರಡನೆಯದನ್ನು ಕೇಳಬೇಕು. ಆಮೇಲೆ ಎರಡಕ್ಕೂ ಬೇರೆ ಬೇರೆ ತೀರ್ಪು ಬರೆಯಬೇಕು. ಒಂದು ಕೇಸಿನ ಸಾಕ್ಷ್ಯವನ್ನು ಇನ್ನೊಂದಕ್ಕೆ ಬಳಸುವ ಹಾಗಿಲ್ಲ. 2001ರಲ್ಲಿ ಮಧ್ಯಪ್ರದೇಶದ ಇನ್ನೊಂದು ಪ್ರಕರಣದಲ್ಲಿ, ಎರಡರಲ್ಲಿ ಒಂದು ಸೆಷನ್ಸಿನದು, ಇನ್ನೊಂದು ಮ್ಯಾಜಿಸ್ಟ್ರೇಟರದ್ದು ಆಗಿದ್ದರೆ ಎರಡನ್ನೂ ಸೆಷನ್ಸಿಗೇ ಕಳಿಸಬೇಕು ಅಂತ ಸ್ಪಷ್ಟ ಮಾಡಿತು. ಸಣ್ಣ ಕೇಸನ್ನು ಒಪ್ಪಿಸುವ ಅಧಿಕಾರ ಈಗ ಬಿಎನ್‌ಎಸ್‌ಎಸ್ 362ರಲ್ಲಿದೆ. ನಿಮ್ಮ ಮ್ಯಾಜಿಸ್ಟ್ರೇಟರು ಮಾಡಿರೋದು ಇದನ್ನೇ.

ಇದು ನಿಮಗೆ ಒಳ್ಳೆಯದು ಅಂದೆ ಅಲ್ವಾ? ನಿಮ್ಮ ಅಣ್ಣನ ಮೇಲಿನ 109ನ್ನು ಕೇಳುವ ನ್ಯಾಯಾಧೀಶರ ಮುಂದೆಯೇ ನಿಮ್ಮ ತಮ್ಮನ ಕೈಗೆ ಬಿದ್ದ ಕುಡುಗೋಲಿನ ಕೇಸೂ ನಡೆಯುತ್ತದೆ. ನಿಮ್ಮ ತಮ್ಮನ ಗಾಯದ ಪ್ರಮಾಣಪತ್ರ, ಸ್ಥಳದ ಪಂಚನಾಮೆ ತಾಲ್ಲೂಕಿನಲ್ಲೇ ಉಳಿದಿದ್ದರೆ, ದುರ್ಗದ ನ್ಯಾಯಾಧೀಶರ ಮುಂದೆ ಅವರ ಕಡೆಯ ತಲೆಗಾಯ ಮಾತ್ರ ಇರುತ್ತಿತ್ತು. ಒಂದು ಕೇಸಿನ ಸಾಕ್ಷ್ಯ ಇನ್ನೊಂದಕ್ಕೆ ಬರಲ್ಲ ಅನ್ನೋದನ್ನು ಮಾತ್ರ ಮರೆಯಬೇಡಿ. ಅಣ್ಣನ ಕೇಸಿನಲ್ಲಿ ತಮ್ಮನ ಗಾಯದ ವಿಷಯ ಬೇಕಿದ್ದರೆ, ಆ ದಾಖಲೆಯನ್ನು ಆ ಕೇಸಿನಲ್ಲೂ ಬೇರೆಯಾಗಿ ಹಾಜರುಪಡಿಸಬೇಕು, ವೈದ್ಯರನ್ನು ಅಲ್ಲೂ ಪ್ರಶ್ನಿಸಬೇಕು. ಎರಡೂ ಕಡತ ಒಂದೇ ಮೇಜಿನ ಮೇಲಿದೆ, ಸಾಹೇಬರಿಗೆ ಗೊತ್ತೇ ಇದೆ ಅಂತ ಸುಮ್ನೆ ಕೂತರೆ ಅದು ದಾಖಲೆಗೆ ಬರುವುದೇ ಇಲ್ಲ. ನಿಮ್ಮ ವಕೀಲರ ಜೊತೆ ಮೊದಲು ಮಾತಾಡಬೇಕಾದ ವಿಷಯ ಇದು.

ಸೆಷನ್ಸಿಗೆ ಹೋದ ಮಾತ್ರಕ್ಕೆ ಎದುರಿನವರಿಗೆ ಶಿಕ್ಷೆ ಹೆಚ್ಚಾಗುತ್ತಾ? ಇಲ್ಲ. 118(1)ಕ್ಕೆ ಇರುವುದು 3 ವರ್ಷದವರೆಗೆ ಸೆರೆವಾಸ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾವ ಕೋರ್ಟು ಕೇಳಿದರೂ ಮಿತಿ ಅಷ್ಟೇ. ಬದಲಾಗೋದು ಎರಡು. ತಾಲ್ಲೂಕಿನಲ್ಲಿ ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರು ನಡೆಸುತ್ತಿದ್ದ ನಿಮ್ಮ ಕೇಸನ್ನು ಈಗ ಸೆಷನ್ಸಿನ ಸರ್ಕಾರಿ ಅಭಿಯೋಜಕರು ನಡೆಸುತ್ತಾರೆ. ಹಳೆಯವರಿಗೆ ಹೇಳಿದ್ದನ್ನೆಲ್ಲ ಹೊಸಬರಿಗೆ ಇನ್ನೊಮ್ಮೆ ಹೇಳಬೇಕು. ನೀವು ಇಟ್ಟುಕೊಂಡ ವಕೀಲರು ಅವರಿಗೆ ನೆರವಾಗಬಹುದು. ಎರಡನೆಯದು ಮೇಲ್ಮನವಿಯ ದಾರಿ. ಜೆಎಂಎಫ್‌ಸಿ ತೀರ್ಪು ಕೊಟ್ಟಿದ್ದರೆ ಅಪೀಲು ದುರ್ಗಕ್ಕೆ, 30 ದಿನದೊಳಗೆ. ಈಗ ಸೆಷನ್ಸ್ ತೀರ್ಪು ಕೊಡುವುದರಿಂದ ಅಪೀಲು ಬೆಂಗಳೂರಿನ ಹೈಕೋರ್ಟಿಗೆ, 60 ದಿನದೊಳಗೆ. ಖರ್ಚು, ಓಡಾಟ ಎರಡೂ ಜಾಸ್ತಿ, ಅದನ್ನು ಅಲ್ಲಗಳೆಯಲ್ಲ. ತಾಲ್ಲೂಕಿನಿಂದ ದುರ್ಗಕ್ಕೆ ಬಸ್ಸಿನಲ್ಲಿ ಬಂದು ದಿನದ ಕೂಲಿ ಕಳೆದುಕೊಳ್ಳುವ ಸಾಕ್ಷಿಗಳಿಗೆ ಇದು ಸಣ್ಣ ವಿಷಯ ಅಲ್ಲ. ಅವರು ಬಾಟಾ, ಅಂದರೆ ಸಾಕ್ಷಿಗೆ ಬಂದವರ ಭತ್ಯೆ ಕೇಳಬಹುದು, ಕೇಳಲು ಸಂಕೋಚ ಬೇಡ. ಸಾಗರ, ಶಿರಸಿ, ಪುತ್ತೂರಿನಂಥ ಊರುಗಳಲ್ಲಿ ಹೆಚ್ಚುವರಿ ಸೆಷನ್ಸ್ ನ್ಯಾಯಾಧೀಶರು ಕೂರುತ್ತಾರೆ. ಆ ಕಡೆಯವರಿಗೆ ಈ ಕಷ್ಟ ಅಷ್ಟಿಲ್ಲ.

ಆರನೇ ಕಾಲಂ ಕೋರ್ಟನ್ನು ತೀರ್ಮಾನ ಮಾಡುತ್ತೆ ಅಂದೆ. ಆದರೆ ಯಾವ ಸಾಲು ನೋಡಬೇಕು ಅನ್ನೋದನ್ನು ಶುರುವಿನಲ್ಲಿ ತೀರ್ಮಾನ ಮಾಡೋದು ಸೆಕ್ಷನ್ ಹಾಕುವ ಪೊಲೀಸರು. ತಲೆಗೆ ಪೆಟ್ಟು ಬಿತ್ತು ಅಂದ ಕೂಡಲೇ 109 ಹಾಕೋದು ನಮ್ಮ ಠಾಣೆಗಳಲ್ಲಿ ಹೊಸದೇನಲ್ಲ. ಕೊಲ್ಲುವ ಉದ್ದೇಶ ಇತ್ತಾ, ಪೆಟ್ಟು ಎಷ್ಟು ಜೋರಿತ್ತು, ಎಷ್ಟು ಸಲ ಹೊಡೆದರು, ಆಯುಧ ಏನು, ಇದೆಲ್ಲ ನೋಡದೆ ಬರೀ ಜಾಗ ನೋಡಿ ಸೆಕ್ಷನ್ ಹಾಕಿರುತ್ತಾರೆ. ಆದ್ದರಿಂದ ಕೋರ್ಟು ಬದಲಿಸಿ ಅಂತ ಹೋರಾಡೋದು ವ್ಯರ್ಥ. ಹೋರಾಡಬೇಕಾದ್ದು ಸೆಕ್ಷನ್ ಮೇಲೆ.

ಅದಕ್ಕೆ ದಾರಿ ಇದೆ, ಗಡುವೂ ಇದೆ. ಬಿಎನ್‌ಎಸ್‌ಎಸ್ 250ರ ಪ್ರಕಾರ, ಸೆಷನ್ಸಿಗೆ ಕೇಸು ಒಪ್ಪಿಸಿದ ದಿನದಿಂದ 60 ದಿನದೊಳಗೆ ಆರೋಪಿ ಬಿಡುಗಡೆ ಅರ್ಜಿ ಹಾಕಬಹುದು. ಕೋರ್ಟಿನಲ್ಲಿ ಡಿಸ್ಚಾರ್ಜ್ ಅರ್ಜಿ ಅಂತಲೇ ಹೇಳೋದು. ಹಳೆಯ ಕಾನೂನಿನಲ್ಲಿ ಈ ದಿನದ ಲೆಕ್ಕ ಇರಲಿಲ್ಲ, ಇದು ಹೊಸದು. ಅಣ್ಣನ ಕೇಸಿನಲ್ಲಿ ಕಮಿಟ್ ಆದ ತಾರೀಖು ಯಾವುದು ಅಂತ ಇವತ್ತೇ ಕೇಳಿ ತಿಳಿದುಕೊಳ್ಳಿ. ಎದುರಿನವರ ಗಾಯದ ಪ್ರಮಾಣಪತ್ರದಲ್ಲಿ ಗಾಯ ಸಾಧಾರಣ ಅಂತಿದೆಯೋ, ತೀವ್ರ ಅಂತಿದೆಯೋ ನೋಡಿ. ಸಾಧಾರಣ ಅಂತಿದ್ದರೆ ಅಷ್ಟರಿಂದಲೇ 109 ಬೀಳಲ್ಲ, ಯಾಕೆಂದರೆ ಅಲ್ಲಿ ಮುಖ್ಯ ಉದ್ದೇಶ. ಆದರೆ ಒಂದೇ ಏಟು, ಹೊಲದಲ್ಲಿ ಕೈಗೆ ಸಿಕ್ಕ ಸಲಿಕೆ, ಹಠಾತ್ ಜಗಳ, ಸಾಧಾರಣ ಗಾಯ, ಇಷ್ಟೂ ಒಟ್ಟಿಗೆ ಇದ್ದರೆ ವಾದಕ್ಕೆ ಬಲ ಇದೆ. ಆರೋಪ ಹೊರಿಸುವ ಹಂತದಲ್ಲಿ ಇದು 109 ಅಲ್ಲ, ಮ್ಯಾಜಿಸ್ಟ್ರೇಟರ ಮಟ್ಟದ ಅಪರಾಧ ಅಂತ ಸೆಷನ್ಸ್ ನ್ಯಾಯಾಧೀಶರಿಗೆ ಅನಿಸಿದರೆ, ಚಾರ್ಜ್ ಬರೆದು ಕೇಸನ್ನು ಸಿಜೆಎಂಗೋ ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರಿಗೋ ವಾಪಸ್ ಕಳಿಸಬಹುದು. ಆಗ ನಿಮ್ಮ ಕೇಸೂ ಜೊತೆಯಲ್ಲಿ ಹಿಂದಕ್ಕೆ ಹೋಗಲಿ ಅಂತ ಕೇಳಿಕೊಳ್ಳಬೇಕು.

ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರು, ಬಂಧನದಲ್ಲಿರುವವರು ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಈ ಗಡುವು ಬಿಡಬೇಕಾಗಿಲ್ಲ. ಇಂಥವರಿಗೆ ಉಚಿತವಾಗಿ ವಕೀಲರನ್ನು ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ತಹಶೀಲ್ದಾರರ ನೋಟಿಸ್ ವಿಚಾರ. ಅದು ಮೂರನೇ ಕೇಸಲ್ಲ. ನಿಮ್ಮ ಠಾಣೆಯವರು 'ಪಿಎಆರ್ ಹಾಕಿದ್ದೀವಿ' ಅಂದಿರಬೇಕು, ಅಂದರೆ ಮುನ್ನೆಚ್ಚರಿಕೆ ಕ್ರಮದ ವರದಿ. ಹಳೆಯ ಜನ ಇದನ್ನು '107 ಕೇಸು' ಅಂತಾರೆ, ಈಗಿನ ನಂಬರು ಬಿಎನ್‌ಎಸ್‌ಎಸ್ 126. ತಹಶೀಲ್ದಾರರು ಇಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿ ಕೂರುತ್ತಾರೆ. ಅವರು ಯಾರನ್ನೂ ಅಪರಾಧಿ ಅಂತ ತೀರ್ಮಾನಿಸಲ್ಲ, ನಡೆದುಹೋದ ಹೊಡೆದಾಟಕ್ಕೆ ಜೈಲಿಗೂ ಕಳಿಸಲ್ಲ. ಮುಂದೆ ಶಾಂತಿ ಕೆಡಿಸಲ್ಲ ಅಂತ ಒಂದು ವರ್ಷ ಮೀರದ ಅವಧಿಗೆ ಮುಚ್ಚಳಿಕೆ ಬರೆಸಿಕೊಳ್ಳುವುದು ಅವರ ಕೆಲಸ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್ ಊರುಗಳಲ್ಲಿ ಇದೇ ಕೆಲಸವನ್ನು ಪೊಲೀಸ್ ಅಧಿಕಾರಿಗಳೇ ಮಾಡುತ್ತಾರೆ. ನೋಟಿಸಿಗೆ ಹಾಜರಾಗಿ. ತಪ್ಪಿಸಿಕೊಂಡರೆ ವಾರಂಟ್ ಬರಬಹುದು. ಮುಚ್ಚಳಿಕೆ ಬರೆದುಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗಾಗಲ್ಲ. ಆದರೆ ಬರೆದುಕೊಟ್ಟ ಮೇಲೆ ಮತ್ತೆ ಗಲಾಟೆ ಆದರೆ ಮುಚ್ಚಳಿಕೆಯ ಹಣ ಮುಟ್ಟುಗೋಲಾಗುತ್ತದೆ, ಎಚ್ಚರ.

ಕೇಸು ಯಾವ ಊರಿನದು ಅನ್ನೋದಕ್ಕೆ ನಿಯಮ ಸರಳ. ಅಪರಾಧ ಎಲ್ಲಿ ಆಯ್ತೋ ಆ ವ್ಯಾಪ್ತಿಯ ಕೋರ್ಟು. ಅದಕ್ಕೆ ಹೊರತಾದವು ಕೆಲವು ಇವೆ. ಫೋನು, ಇಂಟರ್ನೆಟ್ ಮೂಲಕ ಮೋಸ ಮಾಡಿದರೆ ಸಂದೇಶ ಕಳಿಸಿದ ಕಡೆ ಅಥವಾ ಬಂದ ಕಡೆ, ಎರಡೂ ಕಡೆ ಕೇಸು ನಡೆಸಬಹುದು. ಚೆಕ್ ಬೌನ್ಸ್ ಆದರೆ, ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದಲ್ಲಿ, ಆ ಖಾತೆ ಇರುವ ಶಾಖೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಕೋರ್ಟು. ದೂರು ಕೊಡಲು ಮಾತ್ರ ವ್ಯಾಪ್ತಿಯ ತಕರಾರು ಇಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಬರೆದುಕೊಳ್ಳಬೇಕು, ಆಮೇಲೆ ಅವರೇ ಸರಿಯಾದ ಠಾಣೆಗೆ ಕಳಿಸುತ್ತಾರೆ.

ನಡೆಯುತ್ತಿರುವ ಕೋರ್ಟಿನಲ್ಲಿ ನ್ಯಾಯ ಸಿಗಲ್ಲ ಅಂತ ಗಟ್ಟಿ ಕಾರಣ ಇದ್ದರೆ ವರ್ಗಾವಣೆ ಕೇಳಬಹುದು. ಜಿಲ್ಲೆಯೊಳಗೆ ಸೆಷನ್ಸ್ ನ್ಯಾಯಾಧೀಶರಿಗೆ, ಜಿಲ್ಲೆಯಿಂದ ಜಿಲ್ಲೆಗೆ ಹೈಕೋರ್ಟಿಗೆ ಅರ್ಜಿ. ರಾಜ್ಯದಿಂದ ರಾಜ್ಯಕ್ಕೆ ಸುಪ್ರೀಂ ಕೋರ್ಟ್ ಮಾತ್ರ. ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸು ನೆನಪಿರಬೇಕು. ತಮಿಳುನಾಡಿನಲ್ಲಿ ಅವರೇ ಮುಖ್ಯಮಂತ್ರಿಯಾಗಿದ್ದಾಗ ಅಲ್ಲಿ ನಿಷ್ಪಕ್ಷಪಾತ ವಿಚಾರಣೆ ಕಷ್ಟ ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಚೆನ್ನೈನಿಂದ ಬೆಂಗಳೂರಿಗೆ ಕಳಿಸಿತು. 2014ರ ಸೆಪ್ಟೆಂಬರ್ 27ರಂದು ಇಲ್ಲಿನ ವಿಶೇಷ ನ್ಯಾಯಾಲಯದ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಶಿಕ್ಷೆ ವಿಧಿಸಿದರು. ವಿಚಾರಣೆ ಇಲ್ಲಿ ನಡೆದ ಕಾರಣ ಅಪೀಲೂ ಕರ್ನಾಟಕ ಹೈಕೋರ್ಟಿಗೇ ಬಂತು. 2015ರಲ್ಲಿ ಅದು ಖುಲಾಸೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ನಿಮ್ಮ ಊರಿನಲ್ಲಿ ಆಡುತ್ತಿರುವ 'ದೊಡ್ಡವರ ಬೆಂಬಲ'ದ ಮಾತು ಇಂಥ ಅರ್ಜಿಗೆ ಸಾಲದು. ಸಾಕ್ಷಿಗೆ ಬೆದರಿಕೆ ಹಾಕಿದ್ದು, ಅದಕ್ಕೆ ಕೊಟ್ಟ ದೂರು, ಹೀಗೆ ತೋರಿಸಲು ಏನಾದರೂ ಬೇಕು.

ವಿಶೇಷ ಕೋರ್ಟುಗಳ ಬಗ್ಗೆ ಜಾಸ್ತಿ ಬರೆಯಲ್ಲ, ನಿಮಗೆ ಸಂಬಂಧ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಪೋಕ್ಸೊ ಕೋರ್ಟು, ಲಂಚಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆಯ ಕೋರ್ಟು, ಪರಿಶಿಷ್ಟ ಜಾತಿ-ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ಅದರದೇ ಕೋರ್ಟು ಇವೆ. ಇವುಗಳಲ್ಲಿ ಜಿಲ್ಲಾ ಮಟ್ಟದ ನ್ಯಾಯಾಧೀಶರೇ ಕೂರುತ್ತಾರೆ, ಕೇಸು ಮ್ಯಾಜಿಸ್ಟ್ರೇಟರ ಮೂಲಕ ಕಮಿಟ್ ಆಗಿ ಬರಬೇಕಾಗಿಲ್ಲ. ಹೊಲದ ಜಗಳಗಳಲ್ಲಿ ದೌರ್ಜನ್ಯ ಕಾಯ್ದೆಯ ಸೆಕ್ಷನ್ ಸೇರಿಕೊಂಡರೆ ಇಡೀ ದಾರಿ ಬದಲಾಗುತ್ತದೆ, ನಿರೀಕ್ಷಣಾ ಜಾಮೀನೂ ಸಾಮಾನ್ಯವಾಗಿ ಸಿಗಲ್ಲ. ಜಗಳದಲ್ಲಿ 18 ತುಂಬದ ಹುಡುಗ ಆರೋಪಿಯಾಗಿದ್ದರೆ ಅವನ ಭಾಗ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಾಮಾಜಿಕ ಕಾರ್ಯಕರ್ತರು ಕೂರುತ್ತಾರೆ. ನಿಮ್ಮ ಎರಡೂ ಕಡೆ ಅಂಥವರು ಇದ್ದರೆ ಶಾಲೆಯ ದಾಖಲೆ ಕೊಟ್ಟು ವಯಸ್ಸಿನ ವಿಷಯ ಈಗಲೇ ಎತ್ತಿ.

ಇನ್ನು ಹೈಕೋರ್ಟ್. ಸೀದಾ ಅಲ್ಲಿಗೆ ಹೋಗಿ ಕೇಸು ನಡೆಸಿ ಅನ್ನಲು ಆಗಲ್ಲ. ಸಾಕ್ಷಿಗಳನ್ನು ಕರೆಸಿ ವಿಚಾರಣೆ ಮಾಡುವ ಕೆಲಸ ಅಲ್ಲಿ ನಡೆಯೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅಪೀಲು, ರಿವಿಜನ್, ಕೆಳಗೆ ಸಿಗದ ಜಾಮೀನು, ಮರಣದಂಡನೆಯ ದೃಢೀಕರಣ, ಇವು ಅಲ್ಲಿನ ಕೆಲಸ. ಇದರ ಜೊತೆಗೆ ಬಿಎನ್‌ಎಸ್‌ಎಸ್ 528, ಅಂದರೆ ಹಳೆಯ 482. ಕೇಸನ್ನೇ ರದ್ದು ಮಾಡುವ ಅಧಿಕಾರ ಅದು. ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಚಿತ್ರದುರ್ಗ ಮಾತ್ರ ಬೆಂಗಳೂರಿನ ವ್ಯಾಪ್ತಿಗೇ ಬರುತ್ತದೆ.

ನಿಮ್ಮಂಥ ಕೇಸಿನಲ್ಲಿ ಹೈಕೋರ್ಟ್ ಉಪಯೋಗಕ್ಕೆ ಬರುವ ಸಂದರ್ಭ ಒಂದಿದೆ. ಹಿರಿಯರು ಕೂರಿಸಿ ರಾಜಿ ಮಾಡಿಸಿದರು ಅಂತಿಟ್ಟುಕೊಳ್ಳಿ. 109ರಲ್ಲಿ ರಾಜಿ ಅರ್ಜಿ ಹಾಕಿ ಕೇಸು ಮುಗಿಸಲು ಸೆಷನ್ಸ್ ಕೋರ್ಟಿಗೆ ಅಧಿಕಾರ ಇಲ್ಲ. ಎರಡೂ ಕಡೆಯವರು ಪ್ರಮಾಣಪತ್ರ ಹಾಕಿ 528ರಲ್ಲಿ ಹೈಕೋರ್ಟಿಗೆ ಹೋಗಬಹುದು. ಕೊಲೆ ಯತ್ನವನ್ನು ಸಮಾಜದ ವಿರುದ್ಧದ ಅಪರಾಧ ಅಂತ ನೋಡುವುದರಿಂದ ರಾಜಿ ಆಯ್ತು ಅಂದ ಮಾತ್ರಕ್ಕೆ ರದ್ದು ಮಾಡಲ್ಲ. ಗಾಯ ಎಂಥದ್ದು, ದೇಹದ ಯಾವ ಭಾಗಕ್ಕೆ, ಯಾವ ಆಯುಧ, 109 ನಿಲ್ಲುವಷ್ಟು ಆಧಾರ ಇದೆಯಾ ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಲ್ಲಿಗೂ ಬಂದು ನಿಲ್ಲೋದು ಅದೇ ಸೆಕ್ಷನ್ ಪ್ರಶ್ನೆ.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಬದು ಎಲ್ಲಿದೆ ಅನ್ನೋದನ್ನು ಈ ಎರಡು ಕೇಸಿನಲ್ಲಿ ಯಾವುದೂ ತೀರ್ಮಾನ ಮಾಡಲ್ಲ. ಎದುರಿನವರಿಗೆ ಶಿಕ್ಷೆಯಾದರೂ ಒಂದು ಗೇಣು ನೆಲ ನಿಮ್ಮದಾಗಲ್ಲ. ಹದ್ದುಬಸ್ತಿಗೆ ಭೂಮಾಪನ ಇಲಾಖೆಗೆ ಅರ್ಜಿ ಹಾಕಿ, ಅಳತೆ ದಿನ ಎದುರಿನವರಿಗೂ ನೋಟಿಸ್ ಹೋಗುವಂತೆ ನೋಡಿಕೊಳ್ಳಿ. ಆಮೇಲೂ ತಕರಾರು ಇದ್ದರೆ ಸಿವಿಲ್ ದಾವೆ. ಅದು ದುರ್ಗಕ್ಕೆ ಹೋಗಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಕೋರ್ಟಿನ ಬೋರ್ಡ್ ನೋಡಿ, 'ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ' ಅಂತಿರುತ್ತದೆ. ಕ್ರಿಮಿನಲ್ ಕೇಸನ್ನು ದುರ್ಗಕ್ಕೆ ಕಳಿಸಿದ ಅದೇ ನ್ಯಾಯಾಧೀಶರು ಸಿವಿಲ್ ನ್ಯಾಯಾಧೀಶರಾಗಿ ಬದುವಿನ ದಾವೆಯನ್ನು ಕೇಳಬಹುದು. ಹದ್ದುಬಸ್ತಿನ ನಕ್ಷೆ ಬಂದ ಮೇಲೆ ಅದರ ದೃಢೀಕೃತ ಪ್ರತಿಯನ್ನು ದುರ್ಗದ ವಕೀಲರಿಗೂ ಒಂದು ಕೊಡಿ. ಜಗಳ ನಡೆದ ಜಾಗ ಯಾರ ಸ್ವಾಧೀನದಲ್ಲಿತ್ತು ಅನ್ನೋ ಪ್ರಶ್ನೆ ಸಾಕ್ಷಿಗಳ ಪಾಟೀಸವಾಲಿನಲ್ಲಿ ಬಂದೇ ಬರುತ್ತದೆ.